ಪಹಣಿ ಬರೆದವರು, ಪ್ರೋಗ್ರಾಂ ಬರೆದವರು

ಸಾಫ್ಟ್‌ವೇರ್ ತಂಡವೊಂದು ಕೂಡಿ ದುಡಿದು ಹೊಸತನ್ನು ಕಟ್ಟಿದ್ದು ಎಲ್ಲಿ ಎಂದರೆ ಸಹೋದ್ಯೋಗಿಗಳು ಎಲೆಕ್ಟ್ರಾನಿಕ್ಸ್ ಸಿಟಿಯ ಕಡೆ ಕೈ ತೋರಿಸುತ್ತಾರೆ. ಚಾಮರಾಜನಗರದ ಹತ್ತಿರದ ಹರವೆಯಲ್ಲಿ ಹುಟ್ಟಿ ಅದೇ ಕೆಲಸಕ್ಕೆ ಸೇರಿದ ನಾನು ತಾಲ್ಲೂಕು ಕಚೇರಿಯ ಪಹಣಿ ಕೌಂಟರ್ ತೋರಿಸುತ್ತೇನೆ.

ಪಹಣಿಯನ್ನು ಕಂಪ್ಯೂಟರಿನಿಂದ ಕೊಡುವ ‘ಭೂಮಿ’ ಯೋಜನೆ ಬರುವವರೆಗೆ ರಾಜ್ಯದ ಜಮೀನಿನ ಲೆಕ್ಕವೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. ಒಬ್ಬೊಬ್ಬರಿಗೆ ಮೂರು ನಾಲ್ಕು ಊರು. ಅರಿಸಿನ ಹಾಕಲು ಸಾಲ ಬೇಕೆಂದರೂ ಪಹಣಿ ಬೇಕು. ಲೆಕ್ಕಿಗರು ಇವತ್ತು ಯಾವ ಊರಲ್ಲಿದ್ದಾರೆಂದು ಹುಡುಕಿಕೊಂಡು ಹೋಗಬೇಕಿತ್ತು, ಎಷ್ಟೋ ಕಡೆ ಕೈ ಬಿಸಿಯನ್ನೂ ಮಾಡಬೇಕಿತ್ತು.

ಈ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಪ್ರಯತ್ನ ನಡೆದದ್ದು 1991ರಲ್ಲಿ, ಗುಲ್ಬರ್ಗಾ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತು. ಆದರೆ ಪಹಣಿ ತಿದ್ದುವ ತಾಲ್ಲೂಕಿನಲ್ಲೇ ಕಂಪ್ಯೂಟರ್ ಇಡಲು ಅವಕಾಶವಿರಲಿಲ್ಲ. ಪುಸ್ತಕದಲ್ಲಿ ಖಾತೆ ಬದಲಾಗುತ್ತಲೇ ಇತ್ತು, ಕಂಪ್ಯೂಟರಿನಲ್ಲಿ ಹಳೆಯ ಹೆಸರೇ ಉಳಿಯುತ್ತಿತ್ತು.

‘ಭೂಮಿ’ ಗೆದ್ದದ್ದು ಇಲ್ಲೇ. ಕಂದಾಯ ಇಲಾಖೆಯಲ್ಲಿ ಅದರ ಹೊಣೆ ಹೊತ್ತಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮತ್ತು ತಂತ್ರಾಂಶ ಕಟ್ಟಿದ ರಾಷ್ಟ್ರೀಯ ಮಾಹಿತಿ ಕೇಂದ್ರದ ಎಂಜಿನಿಯರುಗಳು ಕೆಲಸವನ್ನು ತಾಲ್ಲೂಕಿಗೆ ಇಳಿಸಿದರು. 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ತುಂಬಿದ್ದನ್ನೆಲ್ಲ ಅಚ್ಚು ಹಾಕಿ, ತಿದ್ದಿಕೊಡಿ ಎಂದು ಗ್ರಾಮ ಲೆಕ್ಕಿಗರ ಮುಂದಿಟ್ಟರು. ಇಡೀ ಯೋಜನೆಯ ಜೀವ ಇರುವುದು ಇದರಲ್ಲೇ ಎನ್ನುತ್ತೇನೆ. ನಮ್ಮ ಸೀಮೆಯಲ್ಲಿ ಮಾದಪ್ಪನೂ ಮಹದೇವಪ್ಪನೂ ಒಬ್ಬನೇ ಆಗಿರಬಹುದು, ಅಣ್ಣತಮ್ಮಂದಿರೂ ಆಗಿರಬಹುದು. ಬೆಂಗಳೂರಿನ ಎಂಜಿನಿಯರಿಗೆ ಅದು ಹೇಗೆ ಗೊತ್ತಾಗಬೇಕು? ಊರೂರು ತಿರುಗಿದ ಲೆಕ್ಕಿಗರಿಗೆ ಗೊತ್ತಿತ್ತು.

ಕೌಂಟರಿನಲ್ಲಿ ರೈತನ ಕಡೆಗೇ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟರು. “ಬುದ್ದಿ, ಒಂಬತ್ತನೇ ಕಾಲಂನಲ್ಲಿ ನಮ್ಮಪ್ಪನ ಹೆಸ್ರೇ ಇಲ್ವಲ್ಲಾ?” ಎಂದು ನಿಂತಲ್ಲೇ ಕೇಳುವ ಧೈರ್ಯ ಬಂತು. ಪಹಣಿಗೆ ಆಗ 15 ರೂಪಾಯಿ ಇತ್ತು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿಯೇ ಮೊದಲು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಾದ್ದರಿಂದ ಯಾರು ತಿದ್ದಿದರೆಂಬ ಗುರುತೂ ಉಳಿಯುತ್ತಿತ್ತು.

ಕುಂದುಗಳೂ ಇದ್ದವು. ಹರವೆಯವರು ಒಂದು ಪಹಣಿಗಾಗಿ ಕೂಲಿ ಬಿಟ್ಟು ಚಾಮರಾಜನಗರದ ಬಸ್ ಹತ್ತಬೇಕಾಯಿತು. ಕೌಂಟರನ್ನು ಹೋಬಳಿಗೆ ತರುವ ‘ನೆಮ್ಮದಿ’ ಕೇಂದ್ರಗಳ ಯೋಜನೆ ಶುರುವಾದದ್ದು 2006ರಲ್ಲಿ. ಆ ತಡ ಆಗಬಾರದಿತ್ತು.

ಈಗ ಹಳ್ಳಿಗಾಗಿ ಆ್ಯಪ್ ಬರೆಯುತ್ತಿರುವ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೇ: ಮೊದಲ ಸಾಲು ಕೋಡ್ ಬರೆಯುವ ಮುಂಚೆ ಹೋಬಳಿಗೆ ಹೋಗಿ, ಆ ಪುಸ್ತಕ ಬರೆದವರನ್ನು ತಂಡಕ್ಕೆ ಸೇರಿಸಿಕೊಳ್ಳಿ.