ಕಾಫಿ ಸೀಮೆಯೂ ಪಥ್ಯದ ಪುಸ್ತಕಗಳೂ

ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಅಚ್ಚಾಯಿತು. ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರ ‘ಯೋಗ ಮಾಲಾ’ 1962ರಲ್ಲಿ ಬಂತು. ಮೈ ಹೇಗೆ ಪಳಗಿಸಬೇಕು, ಏನು ಉಣ್ಣಬೇಕು ಎಂದು ಹೇಳುವ ಪುಸ್ತಕಗಳಲ್ಲಿ ಈ ಎರಡರಷ್ಟು ದೂರ ಹೋದ ಕನ್ನಡ ಪುಸ್ತಕಗಳು ಕಡಿಮೆ. ಎರಡರ ನಂಟೂ ಹಾಸನ ಜಿಲ್ಲೆಯದು.

ಮೈಸೂರು ಅರಮನೆಯ ಆಶ್ರಯ ಸಿಗುವ ಮೊದಲು, 1920ರ ದಶಕದಲ್ಲಿ, ಕೃಷ್ಣಮಾಚಾರ್ಯರು ಈ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾಗಿದ್ದರು. ಜಿಲ್ಲೆಯ ಕಾಫಿ ಎಂದರೆ ಸಕಲೇಶಪುರ, ಆಲೂರು, ಬೇಲೂರು ಕಡೆಯ ಗುಡ್ಡಗಳೇ. ವೇದ, ನ್ಯಾಯ ಓದಿದ ಪಂಡಿತರು ಅರ್ಧ ಚಡ್ಡಿ, ಟೋಪಿ ತೊಟ್ಟು, ಕೋಲು ಹಿಡಿದು ಆಳುಗಳ ಕೆಲಸ ನೋಡಿಕೊಂಡರು. 1927ರಲ್ಲಿ ಹಾಸನದ ಜುಬಿಲಿ ಹಾಲಿನಲ್ಲಿ ಅವರು ತೋರಿಸಿದ ಆಸನಗಳನ್ನು ಕಂಡು ಬೆರಗಾದ ಹನ್ನೆರಡರ ಹುಡುಗ ಜೋಯಿಸರು. ಊರು ಹತ್ತಿರದ ಕೌಶಿಕ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸರೆಯಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಯಿತು. ಮರುವರ್ಷವೇ ‘ಮಕರಂದ’.

ಊಟದ ಮಾತಿಗೆ ಬಂದರೆ, ಇಬ್ಬರ ಹಿಂದೆಯೂ ಹಠಯೋಗದ ಹಳೆಯ ಮಿತಾಹಾರದ ಪಾಠವಿದೆ. ‘ಹಠಯೋಗ ಪ್ರದೀಪಿಕೆ’ ಹೊಟ್ಟೆಯ ಕಾಲುಭಾಗ ಖಾಲಿ ಬಿಡಿ ಎನ್ನುತ್ತದೆ. ಅಕ್ಕಿ, ಗೋಧಿ, ಹಾಲು, ತುಪ್ಪ, ಹೆಸರುಕಾಳು ಹಿತ. ಅಪಥ್ಯದ ಪಟ್ಟಿ ಉದ್ದ: ಹುಳಿ, ಖಾರ, ಉಪ್ಪು, ಸೊಪ್ಪು, ಎಳ್ಳು, ಸಾಸಿವೆ, ಮೀನು, ಮಾಂಸ, ಮಜ್ಜಿಗೆ, ಹುರುಳಿ, ಇಂಗು, ಬೆಳ್ಳುಳ್ಳಿ. ಆಲೂರು ಕಡೆಯ ಅಡುಗೆಮನೆಯಿಂದ ಇಷ್ಟನ್ನೂ ತೆಗೆದರೆ ಅಕ್ಕಿರೊಟ್ಟಿಯೂ ಕಡುಬೂ ನಂಜಿಕೊಳ್ಳಲು ಏನೂ ಇಲ್ಲದೆ ಉಳಿಯುತ್ತವೆ.

ಬೆಟ್ಟದ ಪಥ್ಯ ಬೇರೆಯೇ ಇತ್ತು, ಬರೆದದ್ದಲ್ಲ. ಮಳೆಗಾಲಕ್ಕೆ ಮೈ ಬಿಸಿ ಇಡುವ ಹುರುಳಿ ಸಾರು, ಕೆಸುವಿನ ಪತ್ರೊಡೆ, ಕಳಲೆ ಪಲ್ಯ. ಎಳೆ ಬಿದಿರನ್ನು ಸಿಪ್ಪೆ ಬಿಡಿಸಿ, ಬಿಲ್ಲೆ ಹೆಚ್ಚಿ, ನೀರಲ್ಲಿ ಮುಳುಗಿಸಿಡುತ್ತಾರೆ. ಎರಡು ಮೂರು ದಿನ ನೀರು ಬದಲಿಸುತ್ತಲೇ ಇರಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ, ನೆನೆಸಿ ಬೇಯಿಸಿದರೆ ಅದು ಇಳಿಯುತ್ತದೆ. ಇದನ್ನು ಯಾರೂ ಪುಸ್ತಕ ನೋಡಿ ಕಲಿತದ್ದಲ್ಲ.

ಹಾಗೆಂದು ಪುಸ್ತಕಗಳದ್ದೇ ತಪ್ಪೆನ್ನಲಾಗದು. ಆ ಪಟ್ಟಿ ಸಾಧಕನಿಗೆ ಬರೆದದ್ದು, ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿಯುವವರಿಗಲ್ಲ. ಗುರು ಶಿಷ್ಯರ ಪುಸ್ತಕಗಳ ಗಟ್ಟಿತನ ವ್ಯಾಯಾಮದ ಭಾಗದಲ್ಲಿದೆ: ಉಸಿರಿಗೆ ಹೊಂದಿಸಿ, ಎಣಿಸಿ ಕಟ್ಟಿದ ವಿನ್ಯಾಸಗಳನ್ನು ಇಷ್ಟು ಬಿಡಿಸಿ ಹೇಳಿದ ಬರಹ ಅಪರೂಪ. ಪೊಳ್ಳಾಗಿರುವುದು ಇಂಥ ಆಸನಕ್ಕೆ ಇಂಥ ರೋಗ ವಾಸಿ ಎಂಬ ಮಾತುಗಳು. ಅವಕ್ಕೆ ಪರೀಕ್ಷೆಯ ಆಧಾರ ಕೊಟ್ಟಿಲ್ಲ. ‘ಮಕರಂದ’ದ ಕಾಲಕ್ಕೇ ಬೆಂಗಳೂರಿನ ಕೆ.ವಿ. ಅಯ್ಯರ್ ಅಂಗಸಾಧನೆಯನ್ನು ಇಂಗ್ಲಿಷಿನಲ್ಲಿ ಬರೆದು, ಅಂಚೆಯಲ್ಲೂ ಕಲಿಸಿದರು. ಜೋಯಿಸರು ಮಾತ್ರ ಗುರುವಿನೆದುರು ಕಲಿಯಬೇಕೆಂದು ಪಟ್ಟುಹಿಡಿದವರು.

‘ಯೋಗ ಮಾಲಾ’ 1999ರಲ್ಲಿ ಇಂಗ್ಲಿಷಿಗೆ ಬಂತು, ಅಷ್ಟಾಂಗ ಯೋಗ ಕಲಿಯುವವರು ಜಗತ್ತಿನೆಲ್ಲೆಡೆ ಅದನ್ನು ಓದುತ್ತಾರೆ. ಸಕಲೇಶಪುರದ ಕಡೆ ಮಳೆ ಹಿಡಿದರೆ ಒಲೆಯ ಮೇಲೆ ಹುರುಳಿ ಈಗಲೂ ಬೇಯುತ್ತದೆ.