ಸ್ಪ್ರಿಂಗ್‌ಫೀಲ್ಡಿನ ಸ್ಥಾವರ ಬೆಂಗಳೂರಿಗೆ: ‘ದ ಸಿಂಪ್ಸನ್ಸ್’ನ ಒಂದು ಕಂತು ಮತ್ತು ಹೊರಗುತ್ತಿಗೆಯ ಕರ್ನಾಟಕ

‘ಕಿಸ್ ಕಿಸ್, ಬ್ಯಾಂಗ್ ಬ್ಯಾಂಗಲೋರ್’ ಎಂಬುದು ಅಮೆರಿಕದ ‘ದ ಸಿಂಪ್ಸನ್ಸ್’ ವ್ಯಂಗ್ಯಚಿತ್ರ ಧಾರಾವಾಹಿಯ ಹದಿನೇಳನೆಯ ಸರಣಿಯ ಹದಿನೇಳನೆಯ ಕಂತು. ಫಾಕ್ಸ್ ವಾಹಿನಿ ಇದನ್ನು 2006ರ ಏಪ್ರಿಲ್ 9ರಂದು ಪ್ರಸಾರ ಮಾಡಿತು. ಬರೆದವರು ಡ್ಯಾನ್ ಕ್ಯಾಸ್ಟೆಲನೆಟಾ ಮತ್ತು ಡೆಬ್ ಲಕುಸ್ಟಾ ದಂಪತಿ, ನಿರ್ದೇಶಕ ಮಾರ್ಕ್ ಕರ್ಕ್‌ಲೆಂಡ್. ಕಥಾನಾಯಕ ಹೋಮರನಿಗೆ ಧಾರಾವಾಹಿಯ ಉದ್ದಕ್ಕೂ ದನಿ ಕೊಟ್ಟವರೂ ಕ್ಯಾಸ್ಟೆಲನೆಟಾ ಅವರೇ. ಅಮೆರಿಕದ ಪ್ರೇಕ್ಷಕರು ಮನೆಮಂದಿಯಷ್ಟು ಬಲ್ಲ ಕುಟುಂಬವೊಂದು ಕರ್ನಾಟಕದ ರಾಜಧಾನಿಗೆ ಬಂದಿಳಿದದ್ದು ಈ ಕಂತಿನ ವಿಶೇಷ. ಹೊರಗುತ್ತಿಗೆಯ ಬಗ್ಗೆ ಆ ದಶಕದ ಅಮೆರಿಕದಲ್ಲಿದ್ದ ಆತಂಕ, ಬೆಂಗಳೂರಿನ ಬಗ್ಗೆ ಅಲ್ಲಿದ್ದ ಅರೆಬರೆ ತಿಳಿವಳಿಕೆ ಎರಡನ್ನೂ ಇಪ್ಪತ್ತೆರಡು ನಿಮಿಷಗಳ ಈ ಹಾಸ್ಯ ಒಟ್ಟಿಗೇ ದಾಖಲಿಸಿದೆ.

ದೊಡ್ಡವರಿಗಾಗಿ ಸಂಜೆಯ ಹೊತ್ತಿನಲ್ಲಿ ಕುಟುಂಬದ ಕಥೆಯನ್ನು ವ್ಯಂಗ್ಯಚಿತ್ರದಲ್ಲಿ ಹೇಳುವ ಪದ್ಧತಿ ಅಮೆರಿಕದಲ್ಲಿ 1960ರ ‘ದ ಫ್ಲಿಂಟ್‌ಸ್ಟೋನ್ಸ್’ನಿಂದ ಶುರುವಾಯಿತು. ಮ್ಯಾಟ್ ಗ್ರೋನಿಂಗ್ ಸೃಷ್ಟಿಸಿದ ಸಿಂಪ್ಸನ್ ಕುಟುಂಬ 1987ರಲ್ಲಿ ಟ್ರೇಸಿ ಉಲ್ಮನ್ ಕಾರ್ಯಕ್ರಮದ ನಡುವಿನ ತುಣುಕುಗಳಲ್ಲಿ ಕಾಣಿಸಿಕೊಂಡು, 1989ರ ಡಿಸೆಂಬರ್ 17ರಂದು ಸ್ವತಂತ್ರ ಧಾರಾವಾಹಿಯಾಯಿತು. ಸ್ಪ್ರಿಂಗ್‌ಫೀಲ್ಡ್ ಎಂಬ ಕಾಲ್ಪನಿಕ ಊರಿನ ಅಣು ವಿದ್ಯುತ್ ಸ್ಥಾವರದಲ್ಲಿ ಸುರಕ್ಷತಾ ನಿರೀಕ್ಷಕನಾಗಿರುವ ಸೋಮಾರಿ ಹೋಮರ್, ಸಂಸಾರ ತೂಗಿಸುವ ಹೆಂಡತಿ ಮಾರ್ಜ್, ತುಂಟ ಬಾರ್ಟ್, ನ್ಯಾಯನಿಷ್ಠುರೆ ಲಿಸಾ, ತೊದಲುವ ವಯಸ್ಸಿನ ಮ್ಯಾಗಿ, ಇವರ ಜೊತೆಗೆ ಜಿಪುಣಾಗ್ರೇಸರ ಮಾಲೀಕ ಬರ್ನ್ಸ್: ಈ ಪಾತ್ರಗಳು ವರ್ಷಗಳುರುಳಿದರೂ ಮುಪ್ಪಾಗುವುದಿಲ್ಲ. ಅಂಗಡಿಯ ಅಪು ಇಲ್ಲಿಯ ಭಾರತೀಯ. ಅವನ ಹೆಸರು ಸತ್ಯಜಿತ್ ರಾಯ್ ಅವರ ಚಿತ್ರತ್ರಯದಿಂದ ಬಂದದ್ದು. ಓದಿದ್ದು ‘ಕಲ್ಕತ್ತಾ ಟೆಕ್’ನಲ್ಲಿ ಎಂದು ಧಾರಾವಾಹಿ ಹೇಳುತ್ತದೆ. ಹಾಗಿದ್ದೂ ಕವಿ ಎಂಬ ಹೆಸರಿನ ಅವನ ಸೋದರ ಸಂಬಂಧಿ ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ಸಿಗುತ್ತಾನೆ. ಭಾರತ ಒಂದೇ ಊರು ಎಂಬ ಎಣಿಕೆ ಕಥೆಯ ಆರಂಭದಲ್ಲೇ ಹೀಗೆ ನುಸುಳಿದೆ.

ಕಥೆ ಸರಳ. ಕೂಲಿ ಉಳಿಸುವ ಆಸೆಗೆ ಬರ್ನ್ಸ್ ಇಡೀ ಸ್ಥಾವರದ ಕೆಲಸವನ್ನು ಬೆಂಗಳೂರಿಗೆ ಸಾಗಿಸುತ್ತಾನೆ. ಎಲ್ಲರೂ ಕೆಲಸ ಕಳೆದುಕೊಳ್ಳುತ್ತಾರೆ, ಉಳಿಯುವುದು ಹೋಮರ್ ಒಬ್ಬನೇ. ಹೊಸಬರಿಗೆ ಕೆಲಸ ಕಲಿಸಲು ಅವನನ್ನು ಭಾರತಕ್ಕೆ ಕಳುಹಿಸಲಾಗುತ್ತದೆ. ಕಲಿಸಲು ಅವನ ಬಳಿ ಏನೂ ಇಲ್ಲ. ಎದುರಿಗಿರುವ ಎಂಜಿನಿಯರುಗಳಿಗೆ ಅವನಿಗಿಂತ ಹೆಚ್ಚು ಗೊತ್ತು. ಬರ್ನ್ಸ್ ಆಡಳಿತವನ್ನೇ ಅವನ ಕೈಗೆ ಒಪ್ಪಿಸಿ ಗಂಗಾನದಿಯಲ್ಲಿ ತೇಲಲು ಹೋಗುತ್ತಾನೆ. ಅಧಿಕಾರ ತಲೆಗೇರಿದ ಹೋಮರ್ ತನ್ನನ್ನು ದೇವರೆಂದೇ ಬಗೆಯುತ್ತಾನೆ. ಹುಡುಕಿಕೊಂಡು ಬಂದ ಹೆಂಡತಿ ಮಕ್ಕಳಿಗೆ ಕಾಡಿನ ನಡುವೆ ಒಬ್ಬ ಮೂರ್ಖ ದೊರೆ ಕಾಣುತ್ತಾನೆ. ಜೋಸೆಫ್ ಕಾನ್ರಾಡರ ಕಾದಂಬರಿಯ ಕರ್ಟ್ಸ್ ನೆನಪಾಗುವಂತೆ ಈ ಭಾಗವನ್ನು ಹೆಣೆಯಲಾಗಿದೆ. ಆದರೆ ನೌಕರರು ಅವನನ್ನು ಪೂಜಿಸುತ್ತಿರುವುದು ಭಕ್ತಿಯಿಂದಲ್ಲ. ಕಾಫಿ ಬಿಡುವು, ಬೇಗನೆ ನಿವೃತ್ತಿ, ಕೆಲಸ ಬಿಡಿಸಿದರೆ ಕೈತುಂಬ ಪರಿಹಾರ: ಅಮೆರಿಕದ ಕಾರ್ಮಿಕ ಪಡೆದಿದ್ದ ಸವಲತ್ತುಗಳನ್ನೆಲ್ಲ ಹೋಮರ್ ಅವರಿಗೂ ಕೊಡಿಸಿದ್ದಾನೆ. ಲಿಸಾ ಹಿಗ್ಗುತ್ತಾಳೆ. ಬರ್ನ್ಸ್ ತಡಮಾಡದೆ ಸ್ಥಾವರ ಮುಚ್ಚಿ ಹಿಂದಕ್ಕೆ ಒಯ್ಯುತ್ತಾನೆ. ಕೆಲಸ ಹೋಯಿತೆಂದು ಇಲ್ಲಿಯವರು ಕುಣಿದು ಕುಪ್ಪಳಿಸುತ್ತಾರೆ.

‘ಮೆಕ್‌ಗೈವರ್’ ಖ್ಯಾತಿಯ ನಟ ರಿಚರ್ಡ್ ಡೀನ್ ಆಂಡರ್ಸನ್ ಅವರನ್ನು ಮಾರ್ಜಳ ಅಕ್ಕಂದಿರು ಅಪಹರಿಸುವ ಉಪಕಥೆಗೂ ಬೆಂಗಳೂರಿಗೂ ಸಂಬಂಧವಿಲ್ಲ. ಕಂತಿನ ಒಂದು ಪಾಲನ್ನು ಅದು ತಿಂದುಹಾಕಿದ್ದು ಮುಖ್ಯ ಕಥೆಗೆ ನಷ್ಟವೇ.

ಆ ಹೊತ್ತಿಗೆ ಬೆಂಗಳೂರೇ ಏಕೆ ಎಂಬುದಕ್ಕೆ ಉತ್ತರ ಹಿಂದಿನ ಎರಡು ದಶಕಗಳಲ್ಲಿದೆ. ಇನ್ಫೋಸಿಸ್ 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂತು; 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಸಹಸ್ರಮಾನದ ತಿರುವಿನಲ್ಲಿ ಕಾಲ್ ಸೆಂಟರುಗಳು ಬಂದವು. ಅಮೆರಿಕದ 2004ರ ಅಧ್ಯಕ್ಷ ಚುನಾವಣೆಯಲ್ಲಿ ಅಭ್ಯರ್ಥಿ ಜಾನ್ ಕೆರಿ ಕೆಲಸಗಳನ್ನು ಹೊರದೇಶಕ್ಕೆ ಸಾಗಿಸುವ ಕಂಪನಿ ಮುಖ್ಯಸ್ಥರನ್ನು ದೇಶದ್ರೋಹಿ ಬೆನೆಡಿಕ್ಟ್ ಆರ್ನಾಲ್ಡನಿಗೆ ಹೋಲಿಸಿದರು. ಇನ್ಫೋಸಿಸ್‌ನ ನಂದನ್ ನಿಲೇಕಣಿ ಅವರೊಂದಿಗಿನ ಮಾತಿನಿಂದ ಹುಟ್ಟಿದ ಥಾಮಸ್ ಫ್ರೀಡ್‌ಮನ್ ಅವರ ‘ದ ವರ್ಲ್ಡ್ ಈಸ್ ಫ್ಲಾಟ್’ 2005ರಲ್ಲಿ ಬಂದು ಬೆಂಗಳೂರನ್ನು ಅಮೆರಿಕದ ಊಟದ ಮೇಜಿನ ಮಾತಾಗಿಸಿತು. ಮರುವರ್ಷವೇ ಸಿಂಪ್ಸನ್ ಕಂತು. ಈ ಆತಂಕ ಅಲ್ಲಿಗೆ ನಿಲ್ಲಲಿಲ್ಲ: ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಉದ್ಯೋಗ ಸೃಷ್ಟಿಸುವವರಿಗಿಂತ ಬೆಂಗಳೂರಿನಲ್ಲಿ ಸೃಷ್ಟಿಸುವವರಿಗೇ ತೆರಿಗೆ ಕಡಿಮೆ ಎಂದು 2009ರ ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮಾ ದೂರಿದರು.

ಹೊರಗುತ್ತಿಗೆಯಲ್ಲಿ ಏನೆಲ್ಲ ಬಂದರೂ ಅಣುಸ್ಥಾವರ ಮಾತ್ರ ಬರುವಂತಿರಲಿಲ್ಲ. ಆಗ ಜಾರಿಯಲ್ಲಿದ್ದ 1962ರ ಅಣುಶಕ್ತಿ ಕಾಯ್ದೆಯಡಿ ಖಾಸಗಿ ಮಾಲೀಕನೊಬ್ಬ ಭಾರತದಲ್ಲಿ ಅಣು ವಿದ್ಯುತ್ ಸ್ಥಾವರ ನಡೆಸಲಾಗುತ್ತಿರಲಿಲ್ಲ. 1974ರ ಪೋಖ್ರಾನ್ ಸ್ಫೋಟದ ನಂತರ ಹೇರಲಾದ ನಿರ್ಬಂಧಗಳು ಸಡಿಲವಾದದ್ದು 2008ರಲ್ಲಿ, ಅಣು ಸಾಮಗ್ರಿ ಪೂರೈಕೆದಾರ ರಾಷ್ಟ್ರಗಳ ಗುಂಪು ವಿನಾಯಿತಿ ಕೊಟ್ಟ ಮೇಲೆ. ಕಂತು ಪ್ರಸಾರವಾಗುವ ತಿಂಗಳ ಹಿಂದಷ್ಟೇ ಬುಷ್ ಮತ್ತು ಮನಮೋಹನ್ ಸಿಂಗ್ ದೆಹಲಿಯಲ್ಲಿ ಅಣು ಒಪ್ಪಂದದ ಮಾತು ಮುಂದುವರಿಸಿದ್ದರು. ಇನ್ನು ಕರ್ನಾಟಕದ ನಿಜವಾದ ಅಣುಸ್ಥಾವರ ಬೆಂಗಳೂರಿನಲ್ಲಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಾಳಿ ನದಿಯ ದಂಡೆಯ ಮೇಲಿದೆ. ಅದರ ಚರಿತ್ರೆ ಯಾವ ವ್ಯಂಗ್ಯಚಿತ್ರಕ್ಕೂ ಕಡಿಮೆಯದಲ್ಲ. ಅದನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೇ ಸ್ಪರ್ಧಿಸಿದರು, ಸೋತರು. 1994ರ ಮೇ ತಿಂಗಳಲ್ಲಿ, ಕಟ್ಟುವಾಗಲೇ, ಒಂದನೆಯ ಘಟಕದ ಗುಮ್ಮಟದ ಒಳಪದರ ಕುಸಿಯಿತು. ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು; ಈಗ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಗುಮ್ಮಟ ಕುಸಿದಿದ್ದ ಅದೇ ಒಂದನೆಯ ಘಟಕ 2018ರ ಕೊನೆಯಲ್ಲಿ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ಹೋಮರನ ಪಾಠ ಅಲ್ಲಿಗೆ ಬೇಕಿರಲಿಲ್ಲ.

ಕಂತಿನಲ್ಲಿ ಬರುವ ಜಾಣ ಎಂಜಿನಿಯರುಗಳು ಎಲ್ಲಿಂದ ಬಂದರು ಎಂದು ಕೇಳಿದರೆ ಚರಿತ್ರೆ ಬೆಳಗಾವಿಗೆ ಕರೆದೊಯ್ಯುತ್ತದೆ. 1998ರ ಏಪ್ರಿಲ್ 1ರಂದು ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ‘ಜ್ಞಾನ ಸಂಗಮ’ ಇರುವುದು ಬೆಳಗಾವಿ–ಖಾನಾಪುರ ರಸ್ತೆಯ ಮಚ್ಛೆಯಲ್ಲಿ. ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಅದಕ್ಕೆ ಸೇರಿದವು. ಹೀಗಾಗಿ 2006ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೊಸದಾಗಿ ಕಾಲಿಟ್ಟ ಕನ್ನಡಿಗ ಎಂಜಿನಿಯರ್ ಬೆಂಗಳೂರಿನಲ್ಲೇ ಓದಿದ್ದರೂ ಅವನ ಪದವಿಪತ್ರದ ಮೇಲಿರುತ್ತಿದ್ದದ್ದು ಬಹುತೇಕ ಬೆಳಗಾವಿಯ ಮುದ್ರೆ.

ಅದೇ ಖಾನಾಪುರ ರಸ್ತೆಯ ಉದ್ಯಮಬಾಗ್ ಮತ್ತು ಮಚ್ಛೆ ಕೈಗಾರಿಕಾ ಪ್ರದೇಶಗಳಲ್ಲಿ ಹೊರಗುತ್ತಿಗೆಗೆ ಇನ್ನೊಂದು ಮುಖವಿದೆ. ಫೋನಿನ ದನಿಯ ಬದಲು ಅಲ್ಲಿ ಎರಕದ ಕುಲುಮೆ, ಲೇತ್, ಸಿಎನ್‌ಸಿ ಯಂತ್ರಗಳ ಸದ್ದು. ವಾಹನ ಮತ್ತು ಪಂಪು ತಯಾರಕರಿಗೆ ಫೌಂಡ್ರಿಗಳು ಬಿಡಿಭಾಗ ಎರೆದುಕೊಡುತ್ತವೆ, ಹೈಡ್ರಾಲಿಕ್ ವಾಲ್ವುಗಳ ತಯಾರಿಗೆ ಊರು ಹೆಸರಾಗಿದೆ, ಚಿಕ್ಕ ಚಿಕ್ಕ ಮಶಿನ್ ಶಾಪುಗಳು ದೊಡ್ಡ ಕಾರ್ಖಾನೆಗಳ ಜಾಬ್ ವರ್ಕ್ ಮಾಡಿಕೊಂಡು ಬದುಕಿವೆ. ಸುತ್ತಲ ಹಳ್ಳಿಗಳ ಐಟಿಐ ಓದಿದ ಹುಡುಗರಿಗೆ ಪಾಳಿಯ ಕೆಲಸ ಇಲ್ಲಿಯೇ. ಬೆಳಗಾವಿಯ ಉತ್ತರಕ್ಕೆ, ಹೆದ್ದಾರಿಯ ಹತ್ತರಗಿಯಲ್ಲಿ, ಅರವಿಂದ ಮೆಳ್ಳಿಗೇರಿ ಅವರ ಏಕಸ್ ಸಂಸ್ಥೆ ಕಟ್ಟಿದ ವಿಶೇಷ ಆರ್ಥಿಕ ವಲಯ ವಿಮಾನದ ಬಿಡಿಭಾಗಗಳನ್ನು ತಯಾರಿಸಿ ಏರ್‌ಬಸ್‌ನಂಥ ಕಂಪನಿಗಳಿಗೆ ಒದಗಿಸುತ್ತದೆ. ಸ್ಪ್ರಿಂಗ್‌ಫೀಲ್ಡಿನ ಲೇಖಕರು ಕಾಲ್ ಸೆಂಟರನ್ನಷ್ಟೇ ಕಂಡರು. ಸುಲಭವಾಗಿ ಹಿಂದಕ್ಕೆ ಒಯ್ಯಲಾಗದ ಕೆಲಸ ಇಂಥ ಕಡೆ ಬೇರೂರಿತ್ತು.

ಭೂಗೋಳದಲ್ಲಿ ತಪ್ಪಿದ ಕಂತು ಕಾರ್ಮಿಕ ವಿಚಾರದಲ್ಲಿ ಸರಿಯಾಗಿ ಗುರಿ ಇಟ್ಟಿದೆ. ಬಂಡವಾಳ ಅಗ್ಗದ ದುಡಿಮೆ ಹುಡುಕಿಕೊಂಡು ಹೋಗುತ್ತದೆ, ಹಕ್ಕುಗಳು ಅದರ ಬೆನ್ನಿಗೆ ಬರುವುದಿಲ್ಲ. ಹಕ್ಕುಗಳು ಬಂದ ದಿನ ಬಂಡವಾಳ ಗಂಟುಮೂಟೆ ಕಟ್ಟುತ್ತದೆ. ಕರ್ನಾಟಕದ ಅನುಭವ ಈ ತರ್ಕಕ್ಕೆ ಹತ್ತಿರ. ನೌಕರಿಯ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ನೀಡುತ್ತ ಬಂತು. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ನೌಕರಿಯ ಯುವತಿಯೊಬ್ಬಳು ರಾತ್ರಿ ಪಾಳಿಗೆ ಹೋಗುವಾಗ ವಾಹನ ಚಾಲಕನಿಂದ ಹತ್ಯೆಯಾದಳು. ಕಂತಿನ ನಗೆಗೂ ಅದಕ್ಕೂ ನಡುವೆ ಇದ್ದದ್ದು ನಾಲ್ಕು ತಿಂಗಳು. ಐಟಿ ನೌಕರರ ಸಂಘ ‘ಕಿಟು’ ರಾಜ್ಯದಲ್ಲಿ ನೋಂದಣಿಯಾದದ್ದು 2017ರಲ್ಲಿ.

ಕಂತು ಪ್ರಸಾರವಾದ ಮೂರು ದಿನಗಳ ನಂತರ, 2006ರ ಏಪ್ರಿಲ್ 12ರಂದು, ಕನ್ನಡದ ನಟ ಡಾ. ರಾಜಕುಮಾರ್ ನಿಧನರಾದರು. ಬೆಂಗಳೂರು ಹೊತ್ತಿ ಉರಿಯಿತು, ಐಟಿ ಕಚೇರಿಗಳೂ ಬಾಗಿಲು ಹಾಕಿದವು. ಬೆಂಗಳೂರಿಗೆ ತನ್ನದೇ ಭಾಷೆ, ತನ್ನದೇ ಆರಾಧ್ಯದೈವ ಇವೆಯೆಂಬುದು ಪಾಶ್ಚಾತ್ಯ ಪತ್ರಿಕೆಗಳಿಗೆ ಗೊತ್ತಾದದ್ದು ಆ ವಾರ. ದೇವರಾಗಿ ಮೆರೆಯುವ ಹೋಮರನ ಬೆಂಗಳೂರಿನಲ್ಲಿ ಗಂಗೆಗೆ ಜಾಗವಿದೆ, ಕನ್ನಡಕ್ಕಿಲ್ಲ. ಶೀರ್ಷಿಕೆಯಲ್ಲಿದ್ದ ಇಂಗ್ಲಿಷ್ ರೂಪದ ಊರ ಹೆಸರು ಕೂಡ 2014ರ ನವೆಂಬರ್ 1ರಂದು ಅಧಿಕೃತವಾಗಿ ತೆರವಾಯಿತು. ಬೆಳಗಾಂ ಬೆಳಗಾವಿಯಾದದ್ದೂ ಅದೇ ದಿನ.

ಭಾರತೀಯರ ಚಿತ್ರಣದ ಪ್ರಶ್ನೆ ಆಮೇಲೆ ಧಾರಾವಾಹಿಯನ್ನೇ ತಟ್ಟಿತು. ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ‘ದ ಪ್ರಾಬ್ಲಮ್ ವಿತ್ ಅಪು’ ಸಾಕ್ಷ್ಯಚಿತ್ರ ಮಾಡಿದರು. ಅಪುವಿಗೆ ದನಿ ಕೊಡುತ್ತಿದ್ದ ಹ್ಯಾಂಕ್ ಅಜೇರಿಯಾ 2020ರ ಜನವರಿಯಲ್ಲಿ ಆ ಕೆಲಸ ಬಿಟ್ಟುದಾಗಿ ಹೇಳಿದರು. ಇನ್ನೊಂದು ಪ್ರಶ್ನೆ ಧಾರಾವಾಹಿಯ ತಯಾರಿಗೆ ಸಂಬಂಧಿಸಿದ್ದು. ಹೊರಗುತ್ತಿಗೆಯನ್ನು ಹಂಗಿಸಿದ ಸಿಂಪ್ಸನ್ಸ್‌ಗೇ ಚಿತ್ರ ಬಿಡಿಸುವ ಕೆಲಸ ಮೊದಲ ವರ್ಷಗಳಿಂದಲೂ ದಕ್ಷಿಣ ಕೊರಿಯಾದಲ್ಲಿ, ಅಕೋಮ್ ಸಂಸ್ಥೆಯಲ್ಲಿ ನಡೆದಿದೆ. 2010ರ ಅಕ್ಟೋಬರ್ 10ರ ಕಂತಿನ ಆರಂಭದೃಶ್ಯದಲ್ಲಿ ಬೀದಿ ಕಲಾವಿದ ಬ್ಯಾಂಕ್ಸಿ ಇದನ್ನೇ ಕತ್ತಲ ಕಾರ್ಖಾನೆಯಾಗಿ ಚಿತ್ರಿಸಿದರು. ಅಕೋಮ್‌ನವರು ಆ ಚಿತ್ರಣವನ್ನು ಒಪ್ಪಲಿಲ್ಲ.

ಬೆಂಗಳೂರಿಗೂ ಇಂಥ ಕೆಲಸ ಬಂತು. ಟೆಕ್ನಿಕಲರ್‌ನ ಬೆಂಗಳೂರು ಸ್ಟುಡಿಯೊದಲ್ಲಿ ಡ್ರೀಮ್‌ವರ್ಕ್ಸ್‌ಗಾಗಿಯೇ ಮೀಸಲಾದ ತಂಡವಿತ್ತು. 2011ರ ‘ಪುಸ್ ಇನ್ ಬೂಟ್ಸ್’ ಚಿತ್ರದ ಒಂದು ಪಾಲು ಅಲ್ಲಿ ತಯಾರಾಯಿತು. ಆನಿಮೇಷನ್ ಉದ್ಯಮಕ್ಕಾಗಿ ಕರ್ನಾಟಕ 2012ರಲ್ಲಿ ಪ್ರತ್ಯೇಕ ನೀತಿಯನ್ನೇ ರೂಪಿಸಿತು. 2025ರ ಫೆಬ್ರವರಿಯಲ್ಲಿ ಮಾತೃಸಂಸ್ಥೆ ದಿವಾಳಿ ಅಂಚಿಗೆ ಬಂದಾಗ ಬೆಂಗಳೂರಿನ ಸ್ಟುಡಿಯೊ ಮುಚ್ಚಿತು, ಸಾವಿರಾರು ಕಲಾವಿದರು ಕೆಲಸ ಕಳೆದುಕೊಂಡರು. ಅಲ್ಲಿ ಯಾರೂ ಕುಣಿಯಲಿಲ್ಲ.