ಅತ್ತೂರಿನ ಸಂತರು ಲೆಕ್ಕಪತ್ರದವರು

ಜನವರಿ ಕೊನೆಯ ವಾರ ಕಾರ್ಕಳದಿಂದ ಪಡುಬಿದ್ರಿ ಕಡೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅರ್ಧಕ್ಕರ್ಧ ಜನ ಅತ್ತೂರಿಗೆ ಹೊರಟವರು. ನಮ್ಮ ಕೊಂಕಣಿಯಲ್ಲಿ ಅದು ಫೆಸ್ತ್, ತುಳುವಿನವರಿಗೆ ಸಾಂತ್‌ಮಾರಿ, ಪತ್ರಿಕೆಗಳಿಗೆ ವಾರ್ಷಿಕ ಮಹೋತ್ಸವ. ಕಾರ್ಕಳ ಎಂದರೆ ಹೊರಗಿನವರಿಗೆ 1432ರ ಗೊಮ್ಮಟ ನೆನಪಾಗುತ್ತಾನೆ. ಶಿರ್ವ ಕಡೆಯ ನಮ್ಮಂಥವರಿಗೆ ಮಾತ್ರ ಕಾರ್ಕಳ ಅಂದರೆ ಅತ್ತೂರಿನ ಸಂತ ಲಾರೆನ್ಸರು.

ಈ ಲಾರೆನ್ಸರು ಯಾರು ಎಂದು ಕೇಳಿದರೆ ಹೆಚ್ಚಿನವರು ಕಬ್ಬಿಣದ ಜಾಲರಿಯ ಮೇಲೆ ಸುಟ್ಟ ಕತೆ ಹೇಳುತ್ತಾರೆ. ಅವರ ಉದ್ಯೋಗ ಏನಿತ್ತು ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ. ಮೂರನೆಯ ಶತಮಾನದ ರೋಮಿನಲ್ಲಿ ಅವರು ಡೀಕನ್ ಆಗಿದ್ದರು; ಚರ್ಚಿನ ಹಣಕಾಸು, ಬಡವರಿಗೆ ಹಂಚುವ ದಾನ ಎಲ್ಲ ಅವರ ಕೈಯಲ್ಲಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಕೌಂಟ್ಸ್ ವಿಭಾಗ. 258ರಲ್ಲಿ ಚಕ್ರವರ್ತಿ ವಲೇರಿಯನ್ ಕ್ರೈಸ್ತ ಗುರುಗಳನ್ನು ಕೊಲ್ಲಿಸತೊಡಗಿದ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್ ಹತರಾದರು. ಚರ್ಚಿನ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ನಗರಾಧಿಕಾರಿ ಲಾರೆನ್ಸರಿಗೆ ಹೇಳಿದ. ಮೂರು ದಿನ ಗಡುವು ಕೇಳಿದ ಲಾರೆನ್ಸರು ಇದ್ದುದನ್ನೆಲ್ಲ ಬಡವರಿಗೆ ಹಂಚಿ, ಕುಂಟರು, ಕುರುಡರು, ಭಿಕ್ಷುಕರನ್ನು ಕರೆತಂದು ನಿಲ್ಲಿಸಿ, ಚರ್ಚಿನ ಸಂಪತ್ತು ಇವರೇ ಎಂದರು ಎನ್ನುವುದು ಪರಂಪರೆಯ ಕತೆ. ಆಗಸ್ಟ್ 10ರಂದು ಅವರು ಹುತಾತ್ಮರಾದರು. ಜಾಲರಿಯ ವಿಷಯದಲ್ಲಿ ಚರಿತ್ರೆಕಾರರಿಗೆ ಸಂಶಯವಿದೆ. ಇರಲಿ. ನನಗೆ ಬೇಕಾದದ್ದು ಜಾಲರಿಯಲ್ಲ, ಆ ಮೂರು ದಿನ.

ಏಕೆಂದರೆ ನಾನೂ ಲೆಕ್ಕಪತ್ರದವಳು. ಮಣಿಪಾಲದ ಒಂದು ಕಚೇರಿಯಲ್ಲಿದ್ದೆ. ಯಾವುದು ಎಂಬುದು ಇಲ್ಲಿ ಬೇಡ. ಮೇಲಿನವರೊಬ್ಬರ ಪ್ರಯಾಣದ ಬಿಲ್ಲೊಂದನ್ನು, ರಸೀದಿ ಇಲ್ಲದ ಕಾರಣ, ನಾನು ಪಾಸು ಮಾಡಲಿಲ್ಲ. ಗಲಾಟೆಯೇನೂ ಆಗಲಿಲ್ಲ. ಮುಂದಿನ ವಾರ ನನ್ನ ಮೇಜು ಹಳೆಯ ಕಡತಗಳ ಕೋಣೆಯ ಬಾಗಿಲಿಗೆ ಹೋಯಿತು. ಮೀಟಿಂಗಿನಲ್ಲಿ ಬಾಯಿ ತೆರೆದರೆ, "ಬಿಡಿ ಮೇಡಂ, ಇದೆಲ್ಲ ನಿಮಗೆ ಅರ್ಥ ಆಗುವಂಥದ್ದಲ್ಲ" ಎಂಬ ಮಾತು, ಉಳಿದವರ ನಗು. ವಾಟ್ಸಾಪ್ ಗುಂಪಿನಿಂದ ನನ್ನ ಹೆಸರು ತೆಗೆದರು, ಆಮೇಲೆ ಅದೇ ಗುಂಪಿನಲ್ಲಿ ಹಾಕಿದ ಸೂಚನೆ ಪಾಲಿಸಲಿಲ್ಲವೆಂದು ಮೆಮೊ ಕೊಟ್ಟರು. ಜೊತೆಗೆ ಊಟ ಮಾಡುತ್ತಿದ್ದವರು ಡಬ್ಬಿ ಹಿಡಿದು ಬೇರೆ ಮೇಜಿಗೆ ಎದ್ದರು. ಭಾನುವಾರ ಸಂಜೆ ಮನೆಯಲ್ಲಿ ತೆರ್ಸ್, ಅಂದರೆ ಜಪಮಾಲೆ, ಹೇಳುವಾಗ, ಮೂರನೆಯ ರಹಸ್ಯ ಬರುವಷ್ಟರಲ್ಲಿ ನನ್ನ ಹೊಟ್ಟೆ ನುಲಿಯತೊಡಗುತ್ತಿತ್ತು. ಸೋಮವಾರದ ಹೆದರಿಕೆ.

ಮಮ್ಮಿ ಹೇಳುತ್ತಿದ್ದದ್ದು ಒಂದೇ ಮಾತು: "ಸೊಸ್ ಬಾಯೆ." ತಾಳಿಕೋ ಮಗಳೇ. ಯೇಸು ಇನ್ನೆಷ್ಟು ತಾಳಲಿಲ್ಲ?

ಈ "ಸೊಸ್" ನಮ್ಮವರ ನಾಲಿಗೆಯಲ್ಲಿ ಇಷ್ಟು ಸಲೀಸಾಗಿ ಬರುವುದಕ್ಕೆ ಕಾರಣ 1784 ಇರಬೇಕು ಎಂದು ನನ್ನ ಊಹೆ. ಅತ್ತೂರಿನಲ್ಲಿ ಇಗರ್ಜಿ, ಅಂದರೆ ಚರ್ಚು, ಶುರುವಾದದ್ದು 1759ರಲ್ಲಿ. ಇಪ್ಪತ್ತೈದೇ ವರ್ಷಕ್ಕೆ ಅದು ನೆಲಸಮವಾಯಿತು. ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ, 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದಂದು, ಟಿಪ್ಪುವಿನ ಸೈನಿಕರು ಕರಾವಳಿಯ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನ ಎಂಬುದರಲ್ಲಿ ಒಮ್ಮತವಿಲ್ಲ. 30,000ದಿಂದ 60,000ದವರೆಗೆ ಬರೆದಿದ್ದಾರೆ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಬಿಡುಗಡೆಯಾದದ್ದು 1799ರ ಮೇ 4ರಂದು, ಟಿಪ್ಪು ಸತ್ತ ಮೇಲೆ. ಹದಿನೈದು ವರ್ಷ ಬಾಯಿ ಮುಚ್ಚಿ ಜೀವ ಉಳಿಸಿಕೊಂಡವರ ಮೊಮ್ಮಕ್ಕಳು ತಾಳ್ಮೆಯನ್ನೇ ಧರ್ಮ ಎಂದುಕೊಂಡರೆ ಆಶ್ಚರ್ಯವಿಲ್ಲ.

ಆದರೆ ಅತ್ತೂರಿನ ಕತೆ ತಾಳ್ಮೆಯಲ್ಲಿ ಮುಗಿಯುವುದಿಲ್ಲ. ಮರಳಿ ಬಂದವರಿಗೆ ಇಗರ್ಜಿ ಇರಲಿಲ್ಲ. ಪಾದ್ರಿಯೊಬ್ಬರು ಸಂತ ಲಾರೆನ್ಸರ ಮರದ ಪುಟ್ಟ ಪ್ರತಿಮೆ ಹಿಡಿದು ಜಾಗ ಹುಡುಕುತ್ತ ಪರ್ಪಲೆ ಗುಡ್ಡೆಯ ಕಡೆಯಿಂದ ಇಳಿದು ಬಂದರಂತೆ. ಒರತೆಯ ಹತ್ತಿರ ಪ್ರತಿಮೆ ಕೆಳಗಿಟ್ಟು ನೀರು ಕುಡಿದು ಎತ್ತಲು ಹೋದರೆ ಅದು ಏಳಲಿಲ್ಲ. ಇಗರ್ಜಿ ಇಲ್ಲಿಯೇ ಕಟ್ಟುತ್ತೇವೆ ಎಂದು ಹರಕೆ ಹೇಳಿದ ಮೇಲಷ್ಟೇ ಎದ್ದಿತು. ಆ ಒರತೆಯೇ ಇವತ್ತಿನ ಪುಷ್ಕರಿಣಿ. ಐತಿಹ್ಯವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಾನು ಗಮನಿಸುವುದು ಇಷ್ಟೇ: ಊರು ಕಳೆದುಕೊಂಡವರು ತಮ್ಮ ಊರ ಸಂತರ ಬಗ್ಗೆ ಹೇಳಿಕೊಂಡ ಕತೆಯಲ್ಲಿ ಸಂತರು ಜಾಗ ಬಿಟ್ಟು ಏಳಲು ಒಪ್ಪುವುದಿಲ್ಲ. 2016ರಲ್ಲಿ ಅತ್ತೂರು ಮೈನರ್ ಬಸಿಲಿಕಾ ಆಯಿತು. ಬೆಂಗಳೂರಿನ ಸೇಂಟ್ ಮೇರಿಸ್ ನಂತರ ರಾಜ್ಯದಲ್ಲಿ ಆ ಗೌರವ ಪಡೆದ ಎರಡನೆಯ ಇಗರ್ಜಿ ಇದು.

ಅಲ್ಲಿ ಮೋಂಬತ್ತಿ ಉರಿಸುವ ಜಾಗವನ್ನು ನೋಡಬೇಕು. ಸಾಲು ಸಾಲು ಕಬ್ಬಿಣದ ಸ್ಟ್ಯಾಂಡು. ಬಿಸಿಲಿಗೂ ಬೆಂಕಿಗೂ ಬತ್ತಿಗಳು ಸೊಂಟ ಮುರಿದು ಒಂದರ ಮೇಲೊಂದು ಒರಗುತ್ತವೆ. ಅರ್ಧ ಉರಿದದ್ದನ್ನು ಆಳುಗಳು ಕಿತ್ತು ತಗಡಿನ ಡಬ್ಬಕ್ಕೆ ಎಸೆಯುತ್ತಾರೆ, ಹಿಂದಿನವರಿಗೆ ಜಾಗವಾಗಬೇಕಲ್ಲ. ಹಚ್ಚುವವರಲ್ಲಿ ಕ್ರೈಸ್ತರಲ್ಲದವರು ತುಂಬ ಮಂದಿ. ಯಾರೂ ಮನಸ್ಸಿನಲ್ಲಿ ಹೇಳಿಕೊಳ್ಳುವುದಿಲ್ಲ, ಬಾಯಿಬಿಟ್ಟೇ ಹೇಳುತ್ತಾರೆ. ನಾನು ಹೋದಾಗ ಪಕ್ಕದಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರು, "ಎಂಕ್ ಆಪುಜಿ, ಎಂಕ್ ಆಪುಜಿ" ಎನ್ನುತ್ತಿದ್ದರು. ನನ್ನಿಂದಾಗುವುದಿಲ್ಲ ಎಂದು. ತಾಳುವ ಶಕ್ತಿ ಕೊಡು ಎಂದು ಬೇಡಲಿಲ್ಲ ಅವರು. ಕೇಳಿ ನನಗೂ ಗಂಟಲು ಬಿಟ್ಟಿತು. ಮೇಜು, ಮೆಮೊ, ಡಬ್ಬಿ, ಎಲ್ಲ ಹೇಳಿದೆ.

ಆಮೇಲೆ ಕುಮ್ಸಾರಿಗೆ, ಅಂದರೆ ಪಾಪನಿವೇದನೆಗೆ, ನಿಂತೆ. ದ್ವೇಷ ತುಂಬಿದೆ ಪಾದ್ರ್ಯಾಬ್, ಕ್ಷಮಿಸಲಿಕ್ಕೆ ಆಗುತ್ತಿಲ್ಲ ಎಂದೆ. ಅವರು ಪ್ರಾಯದವರು. "ಕ್ಷಮಿಸುವುದಕ್ಕೆ ಅದೇ ಕುರ್ಚಿಯಲ್ಲಿ ಕುಳಿತಿರಬೇಕು ಅಂತ ನಿನಗೆ ಹೇಳಿದವರು ಯಾರು ಬಾಯೆ? ರಾತ್ರಿ ನಿದ್ದೆ ಉಂಟಾ? ಡಾಕ್ಟರಿಗೆ ತೋರಿಸಿದ್ದೀಯಾ?" ಎಂದು ಕೇಳಿದರು. ಪ್ರಾಯಶ್ಚಿತ್ತಕ್ಕೆ ಒಂದು ತೆರ್ಸ್.

ಈ ಕರಾವಳಿಯಲ್ಲಿ ಕ್ರೈಸ್ತ ಸಾಂತ್ವನಕ್ಕೆ ಕೈಕಾಲು ಇದ್ದ ಚರಿತ್ರೆ ಬೇರೆಯೂ ಇದೆ. ನಮ್ಮ ನೆರೆಯ ಪ್ರೊಟೆಸ್ಟಂಟರದ್ದು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1854ರಲ್ಲಿ ಉಡುಪಿಗೆ ಬಂತು. ಮತಾಂತರವಾದವರಲ್ಲಿ ಮೂರ್ತೆಯ ಬಿಲ್ಲವರು ಹೆಚ್ಚು. ಹೆಂಡ ಇಳಿಸುವುದು ಮಿಶನ್‌ಗೆ ಒಪ್ಪಿಗೆಯಿಲ್ಲ. ಜಾತಿಯವರು, ಗದ್ದೆಯ ಧಣಿಗಳು ಹತ್ತಿರ ಸೇರಿಸುವುದಿಲ್ಲ. ಹೊಟ್ಟೆಪಾಡೇ ಹೋದವನಿಗೆ ಬರೀ ಕೀರ್ತನೆ ಹಾಡಿದರೆ ಆಗುತ್ತದೆಯೇ? ಮಿಶನ್ ಮಗ್ಗ ಹಾಕಿಸಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು, ಮುಂದೆ ಮಲ್ಪೆಯಲ್ಲಿಯೂ. ಆ ಕಾರ್ಖಾನೆಗಳ ಶಿಸ್ತು ಕಠಿಣ, ಒಡೆಯನೂ ಉಪದೇಶಿಯೂ ಒಬ್ಬನೇ ಆದಾಗ ಬರುವ ತೊಂದರೆ ಅಲ್ಲಿಯೂ ಇದ್ದಿರಬೇಕು. ಆದರೂ ಬದುಕಿಗೆ ಬಿದ್ದ ಪೆಟ್ಟಿಗೆ ಬದುಕಿನಿಂದಲೇ ಮದ್ದು ಎಂಬುದು ಅವರಿಗೆ ತಿಳಿದಿತ್ತು. 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ತೆರೆದ ಚಿಕ್ಕ ಚಿಕಿತ್ಸಾಲಯವೇ ಇವತ್ತಿನ ಮಿಶನ್ ಆಸ್ಪತ್ರೆ.

ನಾನು ಡಾಕ್ಟರಿಗೆ ತೋರಿಸಿದೆ. ಆಪ್ತಸಮಾಲೋಚಕಿಯೊಬ್ಬರು, ನಡೆದದ್ದನ್ನೆಲ್ಲ ತಾರೀಖು ಸಮೇತ ಬರೆಯಲು ಹೇಳಿದರು. ಜೀವಮಾನವಿಡೀ ಲೆಡ್ಜರ್ ಬರೆದವಳಿಗೆ ಅದೇನು ಕಷ್ಟ? ಬರೆದೆ, ದೂರು ಕೊಟ್ಟೆ. ಉತ್ತರ ಬರಲಿಲ್ಲ. ರಾಜೀನಾಮೆ ಕೊಟ್ಟೆ. ಈಗ ಕಟಪಾಡಿಯಲ್ಲಿ ಎರಡು ಅಂಗಡಿಗಳ ಲೆಕ್ಕ ನೋಡುತ್ತೇನೆ. ಸಂಬಳ ಅರ್ಧ, ಭಾನುವಾರದ ತೆರ್ಸ್ ಐದೂ ರಹಸ್ಯ ಮುಗಿಯುತ್ತದೆ. ಆ ಮೇಲಧಿಕಾರಿಯನ್ನು ಕ್ಷಮಿಸಿದ್ದೀಯಾ ಎಂದು ಕೇಳಿದರೆ, ಒಮ್ಮೊಮ್ಮೆ.

ನನಗಾದದ್ದು ಹೊಸತೇನಲ್ಲ. ಸ್ವೀಡನ್ನಿನಲ್ಲಿ ಹೈಂಝ್ ಲೇಮನ್ ಎಂಬ ಸಂಶೋಧಕರು 1980ರ ದಶಕದಲ್ಲಿಯೇ ಕಚೇರಿಯ ಇಂಥ ಗುಂಪು ಕಿರುಕುಳವನ್ನು ಅಧ್ಯಯನ ಮಾಡಿದ್ದರು. 1993ರಲ್ಲಿ ಅಲ್ಲಿ ಇದರ ವಿರುದ್ಧ ನಿಯಮವೇ ಬಂತು. ನಮ್ಮಲ್ಲಿ 2013ರ ಕಾಯ್ದೆ ಲೈಂಗಿಕ ಕಿರುಕುಳಕ್ಕೆ ಮಾತ್ರ. ಉಳಿದ ಕಿರುಕುಳಕ್ಕೆ ಪ್ರತ್ಯೇಕ ಕಾನೂನಿಲ್ಲ.

ಕಾನೂನು ಬರುವವರೆಗೆ ನಮ್ಮಲ್ಲಿ ಗುರ್ಕಾರರಿದ್ದಾರೆ. ಒಂದು ಕಾಲಕ್ಕೆ ವಾಡೆಯ, ಅಂದರೆ ಇಗರ್ಜಿಯ ವಾರ್ಡಿನ, ಗುರ್ಕಾರ ಎಂದರೆ ಮನೆಮನೆಯ ಜಗಳ ಬಿಡಿಸುವ, ಕಷ್ಟ ವಿಚಾರಿಸುವ ಹಿರಿಯ. ಈಗ ಹೆಚ್ಚಾಗಿ ವಂತಿಗೆ ರಸೀದಿ ಬರೆಯುವ ಕೆಲಸ. ಉಡುಪಿ ಧರ್ಮಪ್ರಾಂತ್ಯ 2012ರಲ್ಲಿ ಹುಟ್ಟಿದ್ದು. ಹೊಸತು, ಹೊಸ ಅಭ್ಯಾಸ ಮಾಡಿಕೊಳ್ಳಲು ಅಡ್ಡಿಯಿಲ್ಲ. ಗುರ್ಕಾರರಲ್ಲಿ, ಪಾದ್ರ್ಯಾಬರಲ್ಲಿ ನನ್ನ ವಿನಂತಿ ಇಷ್ಟು: ಕಚೇರಿಯಲ್ಲಿ ಕಷ್ಟ ಎಂದು ಯಾರಾದರೂ ಬಂದರೆ "ಸೊಸ್" ಎನ್ನಬೇಡಿ. ಕೂರಿಸಿ, ಏನಾಯಿತು, ಯಾವತ್ತು ಎಂದು ಕೇಳಿ. ದೂರು ಕೊಡುವ ದಿನ ಸಾಧ್ಯವಾದರೆ ಒಬ್ಬರು ಜೊತೆಗೆ ಹೋಗಿ. ಪ್ರಾರ್ಥನೆಯನ್ನು ಬಸ್ಸಿನಲ್ಲಿಯೂ ಮಾಡಬಹುದು.